ಕೊನೆಯ ಇನ್ನಿಂಗ್ಸಿಗೆಂದು ಕಾದಿರಿಸಿದವರು

ಬೀಜಗಣಿತ ಕಲಿಸುತ್ತಿದ್ದ ಮೇಷ್ಟ್ರು ಈ ವಯಸ್ಸಿನಲ್ಲಿ ಬೇಸ್‌ಬಾಲಿನ ಹಿಂದೆ ಬಿದ್ದಿದ್ದಾರಂತೆ ಎಂಬ ಮಾತು ನನ್ನ ಹಳೆಯ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆಯೆಂದು ಕೇಳಿದೆ. ಸುದ್ದಿ ಸುಳ್ಳಲ್ಲ. ಮಗಳು ಬಾಲ್ಟಿಮೋರಿನ ಸಮೀಪ ಸಂಸಾರ ಹೂಡಿದ ಮೇಲೆ, ಅಲ್ಲಿಗೆ ಹೋದಾಗಲೆಲ್ಲ ಅಳಿಯಂದಿರ ಪಕ್ಕದಲ್ಲಿ ಕುಳಿತು ಓರಿಯೋಲ್ಸ್ ತಂಡದ ಆಟ ನೋಡುತ್ತ ನೋಡುತ್ತ ಹತ್ತಿಕೊಂಡ ಹುಚ್ಚು ಇದು. ಚೆಂಡನ್ನು ಎಷ್ಟು ದೂರ ಹೊಡೆದರು ಎಂಬುದಕ್ಕಿಂತ, ಯಾರನ್ನು ಯಾವ ಗಳಿಗೆಯಲ್ಲಿ ಚೆಂಡೆಸೆಯಲು ಕಳಿಸಿದರು ಎಂಬುದೇ ನನಗೆ ಹೆಚ್ಚು ರುಚಿಸುವ ಸಂಗತಿ. ಈ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಮನೆಯವರು ಕೇಳಿ ಕೇಳಿ ಬೇಸತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕ್ರಿಕೆಟ್ಟನ್ನಷ್ಟೇ ಬಲ್ಲವರಿಗಾಗಿ ಎರಡು ಮಾತು. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೂ ಒಂಬತ್ತು ಸಣ್ಣ ಇನ್ನಿಂಗ್ಸುಗಳು. ಮೂವರು ಔಟಾದರೆ ಸರದಿ ಬದಲು. ಚೆಂಡೆಸೆಯುವವನು ಪಿಚ್ಚರ್. ಅವನು ದಣಿದಾಗ ಬೇರೊಬ್ಬನನ್ನು ಕರೆಸಬಹುದು, ಆದರೆ ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ನಮ್ಮಲ್ಲಿ ಬೌಲರನಿಗೆ ಎರಡು ಓವರ್ ಕೊಟ್ಟು ನಿಲ್ಲಿಸಿ ಕೊನೆಯಲ್ಲಿ ಮತ್ತೆ ಕರೆಯುವ ಸವಲತ್ತು ಅಲ್ಲಿಲ್ಲ. ಆದ್ದರಿಂದ ಪ್ರತಿಯೊಂದು ಬದಲಾವಣೆಯೂ ಮರಳಿ ಪಡೆಯಲಾಗದ ಖರ್ಚು. ಹೀಗೆ ಕರೆಗಾಗಿ ಕಾದು ಕುಳಿತ ಪಿಚ್ಚರುಗಳು ಇರುವ ಆವರಣಕ್ಕೆ ಬುಲ್‌ಪೆನ್ ಎನ್ನುತ್ತಾರೆ. ಗೂಳಿಗಳ ದೊಡ್ಡಿ ಎಂದು ಅರ್ಥ. ಹೆಸರಿಟ್ಟವರು ಯಾರೋ, ರಸಿಕರಿರಬೇಕು.

ಇನ್ನು ನನ್ನ ತಕರಾರಿಗೆ ಬರುತ್ತೇನೆ. 2016ರ ಅಕ್ಟೋಬರ್ 4ರಂದು ಟೊರಾಂಟೋದಲ್ಲಿ ಓರಿಯೋಲ್ಸ್ ತಂಡ ಬ್ಲೂ ಜೇಸ್ ತಂಡದೊಡನೆ ಆಡಿತು. ಸೋತವರ ಋತು ಅಂದೇ ಮುಗಿಯುವ ಒಂಟಿ ಪಂದ್ಯ. ಒಂಬತ್ತು ಇನ್ನಿಂಗ್ಸ್ ಮುಗಿದರೂ 2–2ರ ಸಮಬಲ. ಬಾಲ್ಟಿಮೋರಿನ ಬುಲ್‌ಪೆನ್ನಿನಲ್ಲಿ ಜ್ಯಾಕ್ ಬ್ರಿಟನ್ ಇದ್ದರು. ಆ ವರ್ಷ ಅವರು ಬಿಟ್ಟುಕೊಟ್ಟದ್ದು ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 0.54 ರನ್, ಪಂದ್ಯ ಉಳಿಸಿಕೊಡಲು ದೊರೆತ 47 ಅವಕಾಶಗಳಲ್ಲಿ ನಲವತ್ತೇಳನ್ನೂ ಉಳಿಸಿಕೊಟ್ಟಿದ್ದರು. ಹತ್ತನೆಯ ಇನ್ನಿಂಗ್ಸ್ ಕಳೆಯಿತು, ಬ್ರಿಟನ್ ಬರಲಿಲ್ಲ. ಹನ್ನೊಂದರಲ್ಲಿ ಒಬ್ಬ ಔಟಾದ ಮೇಲೆ ಮ್ಯಾನೇಜರ್ ಬಕ್ ಶೋವಾಲ್ಟರ್ ಅವರು ಉಬಾಲ್ಡೊ ಹಿಮೆನೆಸ್ ಅವರನ್ನು ಕರೆಸಿದರು. ಹಿಮೆನೆಸ್ ಎದುರಿಸಿದ್ದು ಮೂವರೇ ಬ್ಯಾಟರುಗಳನ್ನು. ಮೊದಲಿಬ್ಬರೂ ಬೇಸ್ ತಲುಪಿದರು. ಮೂರನೆಯವರಾದ ಎಡ್ವಿನ್ ಎನ್‌ಕಾರ್ನಾಸಿಯೋನ್ ಚೆಂಡನ್ನು ಪ್ರೇಕ್ಷಕರ ನಡುವೆ ಹೊಡೆದು 5–2ಕ್ಕೆ ಪಂದ್ಯ ಮುಗಿಸಿದರು. ಆ ವರ್ಷದ ಅತ್ಯುತ್ತಮ ರಿಲೀಫ್ ಪಿಚ್ಚರ್ ಒಂದು ಚೆಂಡನ್ನೂ ಎಸೆಯದೆ ಬುಲ್‌ಪೆನ್ನಿನಿಂದ ನೇರವಾಗಿ ಮನೆಗೆ ಹೋದರು.

ಹೀಗೇಕಾಯಿತು ಎಂದರೆ, ಪರಸ್ಥಳದಲ್ಲಿ ಆಡುವಾಗ ತನ್ನ ಕ್ಲೋಸರನ್ನು, ಅಂದರೆ ಪಂದ್ಯ ಮುಗಿಸಿಕೊಡುವ ಪಿಚ್ಚರನ್ನು, ಮುನ್ನಡೆ ಸಿಕ್ಕ ಮೇಲಷ್ಟೇ ಕರೆಸಬೇಕೆಂಬುದು ಅಲ್ಲಿ ಬೇರೂರಿದ ರೂಢಿ. ಆ ರೂಢಿಯ ಮೂಲದಲ್ಲಿ ಒಂದು ಅಂಕಿಯಿದೆ. ಶಿಕಾಗೋದ ಕ್ರೀಡಾಪತ್ರಕರ್ತ ಜೆರೋಮ್ ಹೋಲ್ಟ್ಜ್‌ಮನ್ ಅವರು, ಕೊನೆಯಲ್ಲಿ ಬಂದು ಗೆಲುವನ್ನು ಕಾಪಾಡುವವರ ದುಡಿಮೆ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲವೆಂದು ಮರುಗಿ 'ಸೇವ್' ಎಂಬ ಎಣಿಕೆಯನ್ನು ರೂಪಿಸಿದರು. 1969ರಲ್ಲಿ ಅದು ಅಧಿಕೃತವಾಯಿತು. ಉದ್ದೇಶ ಒಳ್ಳೆಯದೇ. ಸ್ಥೂಲವಾಗಿ ಹೇಳುವುದಾದರೆ, ಮೂರು ರನ್ನಿಗೆ ಮೀರದ ಮುನ್ನಡೆಯಿದ್ದಾಗ ಬಂದು ಕೊನೆಯ ಇನ್ನಿಂಗ್ಸನ್ನು ಮುಗಿಸಿಕೊಟ್ಟರೆ ಒಂದು ಸೇವ್. ಮಾಡಿದ ಕೆಲಸವನ್ನು ಅಳೆಯಲು ಹುಟ್ಟಿದ ಈ ಲೆಕ್ಕ ಕ್ರಮೇಣ ಕೆಲಸ ಹೇಗಿರಬೇಕೆಂದು ಆಜ್ಞಾಪಿಸತೊಡಗಿತು. ಸಂಬಳದ ಮಾತುಕತೆಯಲ್ಲಿ ಸೇವ್‌ಗಳನ್ನು ಎಣಿಸಿದರು. ಆಟಗಾರ ಸೇವ್ ಬಯಸಿದ. ಮ್ಯಾನೇಜರು ಸೇವ್ ಇರುವಲ್ಲಿಗೇ ಅವನನ್ನು ಕಳಿಸಿದ. 1974ರಲ್ಲಿ ಡಾಡ್ಜರ್ಸ್ ತಂಡದ ಮೈಕ್ ಮಾರ್ಷಲ್ 106 ಪಂದ್ಯಗಳಲ್ಲಿ, ಎಲ್ಲವೂ ರಿಲೀಫ್ ಪಿಚ್ಚರಾಗಿಯೇ, 208 ಇನ್ನಿಂಗ್ಸ್ ಎಸೆದಿದ್ದರು. ಅಷ್ಟು ದುಡಿಸುವುದು ಕ್ರೌರ್ಯ, ಒಪ್ಪುತ್ತೇನೆ. ಆದರೆ 1980ರ ದಶಕದ ಕೊನೆಗೆ ಟೋನಿ ಲಾ ರುಸ್ಸಾ ಅವರು ಓಕ್‌ಲ್ಯಾಂಡಿನಲ್ಲಿ ಡೆನಿಸ್ ಎಕರ್ಸ್ಲಿಯವರಿಗೆ ಬಹುಮಟ್ಟಿಗೆ ಒಂಬತ್ತನೆಯ ಇನ್ನಿಂಗ್ಸೊಂದನ್ನೇ ಮೀಸಲಿಟ್ಟು ಗೆಲ್ಲತೊಡಗಿದ ಮೇಲೆ, ಊರಿಗೆ ಊರೇ ಅದನ್ನು ವೇದವಾಕ್ಯವೆಂದು ಹಿಡಿದುಕೊಂಡಿತು.

ಓದುತ್ತಿರುವವರಲ್ಲಿ ಕೆಲವರಿಗೆ ನೆನಪಿರಬಹುದು. ನಾನು ಕೆಲಸ ಮಾಡಿದ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ನನಗೆ ಹತ್ತನೆಯ ತರಗತಿಯನ್ನಷ್ಟೇ ಕೊಟ್ಟಿದ್ದರು. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರನ್ನು ಮಾತ್ರ ಮೇಲಿನವರು ಕೇಳುತ್ತಿದ್ದರಾದ್ದರಿಂದ, ಅನುಭವಿಯಾದ ಗಣಿತದ ಮೇಷ್ಟ್ರು ಅಲ್ಲೇ ಇರಬೇಕೆಂಬುದು ಆಡಳಿತದವರ ಹಟ. ಎಂಟನೆಯ ತರಗತಿಗೆ ಯಾರಿಗೆ ಬಿಡುವಿದೆಯೋ ಅವರು ಹೋಗುತ್ತಿದ್ದರು. ಋಣಸಂಖ್ಯೆಗಳ ಬಳಿ ಮುಗ್ಗರಿಸಿ ಬಿದ್ದ ಹುಡುಗ ಹತ್ತನೆಯ ತರಗತಿಗೆ, ಅಂದರೆ ನನ್ನ ಬಳಿಗೆ, ಬರುತ್ತಲೇ ಇರಲಿಲ್ಲ. ಅಷ್ಟರಲ್ಲಿ ಗ್ಯಾರೇಜಿಗೋ ಹೋಟೆಲಿಗೋ ಸೇರಿಬಿಟ್ಟಿರುತ್ತಿದ್ದ. ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಪರೀಕ್ಷೆಗೆ ಕೂರದವನನ್ನು ಶೇಕಡಾವಾರು ಎಣಿಸುವುದಿಲ್ಲವಲ್ಲ! ಟೊರಾಂಟೋದ ಆ ಪಂದ್ಯದಲ್ಲಿ ನನಗೆ ಕಂಡದ್ದು ಇದೇ. ಮುನ್ನಡೆ ಇಲ್ಲವೆಂದ ಮೇಲೆ ಸೇವ್ ಇಲ್ಲ, ಸೇವ್ ಇಲ್ಲವೆಂದ ಮೇಲೆ ಬ್ರಿಟನ್ ಇಲ್ಲ.

ಅದೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನ ಮ್ಯಾನೇಜರ್ ಟೆರಿ ಫ್ರಾಂಕೋನಾ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿ ತೋರಿಸಿದರು. ತಮ್ಮ ಶ್ರೇಷ್ಠ ರಿಲೀಫ್ ಪಿಚ್ಚರ್ ಆಂಡ್ರೂ ಮಿಲ್ಲರ್ ಅವರನ್ನು ಬಾಸ್ಟನ್ ವಿರುದ್ಧದ ಮೊದಲ ಪಂದ್ಯದಲ್ಲಿ ಐದನೆಯ ಇನ್ನಿಂಗ್ಸಿಗೇ ಕರೆಸಿದರು. ಎದುರಾಳಿಯ ಬಲಿಷ್ಠ ಬ್ಯಾಟರುಗಳು ಯಾವಾಗ ಬರುತ್ತಾರೋ ಆಗಲೇ ಅಪಾಯ, ಆಗಲೇ ಮಿಲ್ಲರ್. ಆತ ಅಮೆರಿಕನ್ ಲೀಗ್ ಸರಣಿಯ ಶ್ರೇಷ್ಠ ಆಟಗಾರನೆನಿಸಿದರು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ 2024ರ ಜೂನ್ 29ರ ಟಿ20 ವಿಶ್ವಕಪ್ ಫೈನಲ್ ನೆನೆದುಕೊಳ್ಳಿ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡುಗಳಲ್ಲಿ 30 ರನ್ ಸಾಕಾಗಿತ್ತು. ರೋಹಿತ್ ಶರ್ಮಾ ಅವರು ಬುಮ್ರಾ ಅವರನ್ನು ಕೊನೆಯ ಓವರಿಗೆಂದು ಬಚ್ಚಿಡಲಿಲ್ಲ. ಹದಿನಾರನೆಯ ಹಾಗೂ ಹದಿನೆಂಟನೆಯ ಓವರುಗಳನ್ನು ಕೊಟ್ಟು ಅವರ ಪಾಲು ಮುಗಿಸಿಬಿಟ್ಟರು. ಇಪ್ಪತ್ತನೆಯದು ಹಾರ್ದಿಕ್ ಪಾಂಡ್ಯರ ಪಾಲಿಗೆ ಬಂದಾಗ, ಆಟ ಅಷ್ಟರಲ್ಲೇ ನಮ್ಮ ಕಡೆಗೆ ವಾಲಿತ್ತು.

ಅಳಿಯಂದಿರು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅವರ ವಾದದಲ್ಲಿಯೂ ಹುರುಳಿದೆ. ಋತುವೊಂದಕ್ಕೆ 162 ಪಂದ್ಯಗಳು. ತಾನು ಯಾವಾಗ ಎದ್ದು ಕೈ ಬಿಸಿಮಾಡಿಕೊಳ್ಳಬೇಕೆಂದು ತಿಳಿದಿದ್ದರೆ ಪಿಚ್ಚರನಿಗೆ ನೆಮ್ಮದಿ. ಐದಕ್ಕೋ ಎಂಟಕ್ಕೋ ಎಂದು ಮೂರು ಸಲ ಎಬ್ಬಿಸಿ ಕೂರಿಸಿದರೆ, ಮೈದಾನಕ್ಕೆ ಇಳಿಯುವ ಮೊದಲೇ ತೋಳು ಸೋತಿರುತ್ತದೆ. ಆ ಎಸೆತಗಳು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅಪಾಯವೆಂದು ಹೆದರಿ ಎಲ್ಲೆಂದರಲ್ಲಿ ಒಬ್ಬನನ್ನೇ ದುಡಿಸಿದರೆ ಏನಾಗುತ್ತದೆಂಬುದಕ್ಕೂ 2016ರಲ್ಲೇ ಸಾಕ್ಷಿಯಿದೆ. ವಿಶ್ವ ಸರಣಿಯ ಐದನೆಯ ಪಂದ್ಯದಲ್ಲಿ ಆರೋಲ್ಡಿಸ್ ಚಾಪ್ಮನ್ ಅವರಿಂದ ಎಂಟು ಔಟ್‌ಗಳನ್ನು ಪಡೆದಿದ್ದ ಶಿಕಾಗೋ ಕಬ್ಸ್ ಮ್ಯಾನೇಜರ್ ಜೋ ಮ್ಯಾಡನ್, ಆರನೆಯ ಪಂದ್ಯದಲ್ಲಿ ಐದು ರನ್ ಮುನ್ನಡೆ ಇದ್ದಾಗಲೂ ಏಳನೆಯ ಇನ್ನಿಂಗ್ಸಿಗೇ ಅವರನ್ನು ಕರೆದರು. ಮರುದಿನ, ನವೆಂಬರ್ 2ರಂದು, ಏಳನೆಯ ಪಂದ್ಯದಲ್ಲಿ ದಣಿದ ಚಾಪ್ಮನ್ ಅವರ ಚೆಂಡನ್ನು ರಜಾಯ್ ಡೇವಿಸ್ ಹೋಮ್ ರನ್ ಹೊಡೆದು 6–6 ಮಾಡಿದರು. ನಡುವೆ ಮಳೆ ಬಂದು ನಿಂತ ಮೇಲೆ ಹತ್ತನೆಯ ಇನ್ನಿಂಗ್ಸಿನಲ್ಲಿ ಕಬ್ಸ್ ಗೆದ್ದು 1908ರ ನಂತರದ ಬರಗಾಲ ನೀಗಿಸಿಕೊಂಡಿತು. ದಾಖಲೆಯಲ್ಲಿ ಆ ಪಂದ್ಯದ ವಿಜಯಿ ಪಿಚ್ಚರ್ ಯಾರು ಬಲ್ಲಿರಾ? ಮುನ್ನಡೆಯನ್ನು ಕಳೆದುಕೊಂಡ ಚಾಪ್ಮನ್ ಅವರೇ.

ಶ್ರೇಷ್ಠರನ್ನು ಹೀಗೆ ಜೋಪಾನ ಮಾಡಬೇಕಾದರೆ ಉಳಿದ ಹೊರೆಯನ್ನು ಯಾರಾದರೂ ಹೊರಬೇಕಷ್ಟೆ. ಈಗಿನ ನಿಯಮದಂತೆ ತಂಡದ ಪಟ್ಟಿಯಲ್ಲಿ 26 ಜನ, ಅದರಲ್ಲಿ ಪಿಚ್ಚರುಗಳು 13ಕ್ಕೆ ಮೀರುವಂತಿಲ್ಲ. ಸೋಲುತ್ತಿರುವ ಪಂದ್ಯದಲ್ಲಿ ಮೂರು ಇನ್ನಿಂಗ್ಸ್ ಎಸೆದು ಉಳಿದವರಿಗೆ ವಿಶ್ರಾಂತಿ ಕೊಟ್ಟ ಹುಡುಗ ಮುಂದಿನ ಎರಡು ಮೂರು ದಿನ ಎಸೆಯಲಾರ. ಆದ್ದರಿಂದ ಮರುಬೆಳಿಗ್ಗೆಯೇ ಅವನನ್ನು ಕೆಳಗಿನ ಲೀಗಿಗೆ (ಓರಿಯೋಲ್ಸ್ ತಂಡದವನಾದರೆ ನಾರ್ಫೋಕಿಗೆ) ಕಳಿಸಿ, ತೋಳು ದಣಿಯದ ಇನ್ನೊಬ್ಬನನ್ನು ಕರೆಸುತ್ತಾರೆ. ಮೇಲಿನ ಲೀಗಿನ ಸಂಬಳವೂ ಸೇವಾವಧಿಯೂ ದಿನದ ಲೆಕ್ಕ. 172 ದಿನವಾದರೆ ಒಂದು ವರ್ಷ. ಚೆನ್ನಾಗಿ ದುಡಿದದ್ದಕ್ಕೇ ಆ ದಿನಗಳನ್ನು ಕಳೆದುಕೊಳ್ಳುವುದು ನಮ್ಮ ಅತಿಥಿ ಶಿಕ್ಷಕರ ಪಾಡಿಗಿಂತ ಬೇರೆಯೇನಲ್ಲ. 2022ರ ಒಪ್ಪಂದ ಬಂದ ಮೇಲೆ ಒಬ್ಬನನ್ನು ವರ್ಷಕ್ಕೆ ಐದು ಸಲಕ್ಕಿಂತ ಹೆಚ್ಚು ಹೀಗೆ ಕೆಳಗೆ ಕಳಿಸುವಂತಿಲ್ಲ. ಐದು ಸಲವೂ ಹೆಚ್ಚೇ ಎಂಬುದು ನನ್ನ ಅಭಿಪ್ರಾಯ. ಪಟ್ಟಿಯ ಕೊನೆಯಲ್ಲಿರುವ ಇಂಥ ಇಬ್ಬರಿಗಾದರೂ ಇಡೀ ತಿಂಗಳಿನ ಭರವಸೆ ಕೊಡುವ ಮ್ಯಾನೇಜರನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಅಕ್ಟೋಬರಿನ ದೊಡ್ಡ ಪಂದ್ಯಗಳಿಗೆ ಮಿಲ್ಲರನಂಥವರ ತೋಳು ಉಳಿಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ ಇವರು ಎಸೆದ ಚೆಂಡುಗಳಿಂದ.

ಋತು ನಡೆಯುತ್ತಿರುವಾಗ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಕುಳಿತರೆ, ಯಾರನ್ನು ನಾರ್ಫೋಕಿಗೆ ಕಳಿಸಿದರು, ಯಾರನ್ನು ಕರೆಸಿಕೊಂಡರು ಎಂಬ ಸಾಲನ್ನೇ ನಾನು ಮೊದಲು ಹುಡುಕುವುದು. ಪಂದ್ಯ ಗೆದ್ದರೋ ಸೋತರೋ ಎಂಬುದು ಆಮೇಲೆ. ಅಳಿಯಂದಿರಿಗೆ ಇದು ವಿಚಿತ್ರವಾಗಿ ತೋರುತ್ತದೆ.