ಬೇತಮಂಗಲದ ಕೆರೆ ದಂಡೆಯಲ್ಲಿ ಒಂದು ದಿನ

ಕೆ.ಜಿ.ಎಫ್. ಎಂದಾಕ್ಷಣ ಚಿನ್ನ ನೆನಪಾಗುತ್ತದೆ, ನೀರಲ್ಲ. ಆದರೆ ಆ ಗಣಿ ಪಟ್ಟಣ ದಶಕಗಳ ಕಾಲ ಕುಡಿದದ್ದು ಬೇತಮಂಗಲದ ನೀರನ್ನು. ಪಾಲಾರ್ ನದಿಗೆ ಅಡ್ಡಲಾಗಿರುವ ಈ ಕೆರೆಯ ನೀರನ್ನು ಶುದ್ಧೀಕರಿಸಿ ಕೊಳವೆಗಳಲ್ಲಿ ಅಲ್ಲಿಗೆ ಕಳುಹಿಸುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆರೆ ಉಳಿಯಿತು.

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಅಡುಗೆಮನೆ, ಹಾಸಿಗೆಯಿರುವ ವಾಹನದಲ್ಲೇ ಬಂದು ಸರೋವರದ ಬಳಿ ತಂಗುವವರಿಗೆ ಜಾಗ ಮೀಸಲಿರುತ್ತದಂತೆ. ನಮಗೆ ಒಂದು ಟೆಂಪೋ, ಎರಡು ಚಾಪೆ, ಬಿರಿಯಾನಿ ಡೇಗ್ಚಿ ಸಾಕು! ಕುಡಿಯುವ ನೀರು ಮಾತ್ರ ಮನೆಯಿಂದಲೇ ಒಯ್ಯಿರಿ.

ರೈಲಿನಲ್ಲಿ ಬರುವವರು ಬಂಗಾರಪೇಟೆಯಲ್ಲಿ ಇಳಿಯಬಹುದು. ಇಲ್ಲಿನ ಪಾನಿಪುರಿಯ ನೀರಿಗೆ ಬಣ್ಣವಿಲ್ಲ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಮಕ್ಕಳಿಗೆ ಕೊಡಿಸುವ ಮುನ್ನ ನೀವೊಮ್ಮೆ ರುಚಿ ನೋಡಿ.

ಮಳೆಗಾಲ ಮುಗಿದ ಮೇಲೆ ಬೇತಮಂಗಲಕ್ಕೆ ಹೋಗುವುದು ಒಳ್ಳೆಯದು. ಕೋಲಾರ ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ಬಿರುಕುಬಿಟ್ಟ ನೆಲವೇ ಕಂಡೀತು, ವಿಚಾರಿಸಿಯೇ ಹೊರಡಿ. ತುಂಬಿದಾಗ ಏರಿಯ ಮೇಲೆ ನಿಂತರೆ ಗಾಳಿ ತಂಪಾಗಿ ಬೀಸುತ್ತದೆ. ಮಕ್ಕಳನ್ನು ನೀರಿಗಿಳಿಸಬೇಡಿ, ಹೂಳು ತುಂಬಿದ ಹಳೆಯ ಕೆರೆಗಳಲ್ಲಿ ಕಾಲು ಎಲ್ಲಿ ಹೂತುಹೋಗುತ್ತದೋ ಹೇಳಲಾಗದು.

ಕೆರೆ ಕೋಡಿ ಬಿದ್ದರೆ ನೀರು ಆಂಧ್ರ ದಾಟಿ ವಾಣಿಯಂಬಾಡಿ, ಆಂಬೂರಿನತ್ತ ಹರಿಯುತ್ತದೆ. ನಮ್ಮಲ್ಲಿ ಅನೇಕರ ನೆಂಟರು ಅಲ್ಲಿದ್ದಾರೆ. ದಂಡೆಯಲ್ಲಿ ಬಿಟ್ಟ ಪ್ಲಾಸ್ಟಿಕ್ ತಟ್ಟೆಯೂ ಅದೇ ದಾರಿ ಹಿಡಿಯುತ್ತದೆ.

ರಾತ್ರಿ ಅಲ್ಲೇ ತಂಗುವ ಆಸೆಯಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ. ಇಲ್ಲವಾದರೆ ಕತ್ತಲಾಗುವ ಮುನ್ನ ರಾಬರ್ಟ್‌ಸನ್‌ಪೇಟೆಗೆ ಹೊರಟುಬಿಡಿ.