ಕಿವಿಗೊಂದು ತೇಪೆ

'ಹೂಂ' ಎಂಬ ಒಂದೇ ಮಾತಿನ ಬಲದಿಂದ ಹನ್ನೆರಡು ವರ್ಷ ಬಾಳಿದವನು ನಾನು. ಎದುರಿನವರ ತುಟಿ ಅಲುಗುವುದು ನಿಂತೊಡನೆ 'ಹೂಂ' ಎನ್ನುವುದು, ಅವರು ನಕ್ಕರೆ ನಗುವುದು, ಹುಬ್ಬು ಗಂಟಿಕ್ಕಿದರೆ ತಲೆ ತಗ್ಗಿಸುವುದು - ಇಷ್ಟು ಬಲ್ಲವನಿಗೆ ಕಿವಿಯ ಅವಶ್ಯಕತೆ ಅಷ್ಟಾಗಿ ಇಲ್ಲವೆಂದೇ ತಿಳಿದಿದ್ದೆ. ತರಗತಿಯಲ್ಲಿ ಹಾಜರಿ ಕೂಗುವಾಗ ನನಗಿಂತ ಮೊದಲಿನ ನಂಬರಿನ ಮಿತ್ರನ ಬಾಯನ್ನೇ ನೋಡುತ್ತ ಕೂಡುತ್ತಿದ್ದೆ. ಅವನು ಬಾಯಿ ತೆರೆದು ಮುಚ್ಚಿದ ಮೇಲೆ ನನ್ನ ಸರದಿ. ಅವನು ಬಾರದ ದಿನ ಮುಂದಿನ ಬೆಂಚಿನಲ್ಲಿ ಕುಳಿತೂ ನಾನು ಗೈರುಹಾಜರು! ಇದರಲ್ಲಿ ನಮ್ಮ ಅಧ್ಯಾಪಕರ ತಪ್ಪು ಎಳ್ಳಷ್ಟೂ ಇಲ್ಲವೆಂದು ಈಗ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ.

ನಮ್ಮೂರು ಸುರಪುರ ತಾಲೂಕಿನ ಕೆಂಭಾವಿ. ಶರಣ ಭೋಗಣ್ಣನ ಊರೆಂದರೆ ಕನ್ನಡ ವಿಭಾಗದವರಿಗೆ ಬೇಗ ಗುರುತು ಸಿಕ್ಕೀತು. ಅಲ್ಲಿ ಮೂರನೆಯ ತರಗತಿ ಓದುವಾಗ ನನ್ನ ಎರಡೂ ಕಿವಿಗಳು ಸೋರತೊಡಗಿದವು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಕಾಲುವೆಯಲ್ಲಿ ಈಜಿದ್ದರಿಂದಲೇ ಹೀಗಾಯಿತೆಂದು ಮನೆಯವರೆಲ್ಲ ಬೈದರು. ನಿಜವಾಗಿ ಈ ರೋಗದ ದಾರಿ ಹೆಚ್ಚಾಗಿ ಮೂಗಿನ ಕಡೆಯಿಂದ ಎಂದು ಡಾಕ್ಟರರು ಮುಂದೆ ತಿಳಿಸಿದರು. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ಕೊಳವೆಯುಂಟು. ಮಕ್ಕಳಲ್ಲಿ ಅದು ಗಿಡ್ಡ, ಇಳಿಜಾರೂ ಕಡಿಮೆ. ಆದ್ದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿ ಸೇರಿ ಕೀವಾಗುತ್ತದೆ. ಕೀವು ಕಿವಿಯ ತಮಟೆಯನ್ನು ಹರಿದು ಹೊರಬರುತ್ತದೆ. ತೂತು ಬಿದ್ದ ಮೇಲೆ ಹೊರಗಿನ ನೀರು ಒಳಹೊಕ್ಕು ರೋಗ ಕೆರಳುತ್ತದೆ. ಕಾಲುವೆಯ ಪಾಲು ಅಷ್ಟೇ.

ಈ ತಮಟೆಯ ಅಡ್ಡಗಲ ಸುಮಾರು 9 ಮಿಲಿಮೀಟರು; ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಸದ್ದು ಬಡಿದಾಗ ಅದು ಅದುರುತ್ತದೆ. ಅದರ ಹಿಂದಿನ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಆ ಅದುರನ್ನು ಒಳಗಿವಿಗೆ ಮುಟ್ಟಿಸುತ್ತವೆ. ತೂತು ಬಿದ್ದ ಹಲಗೆ ಸರಿಯಾಗಿ ನುಡಿದೀತೇ? ನನ್ನ ಬಲಗಿವಿಯಲ್ಲಿ ದೊಡ್ಡ ತೂತು, ಎಡಗಿವಿಯಲ್ಲಿ ಚಿಕ್ಕದು. ಬಲಗಿವಿಯ ನಷ್ಟ 45 ಡೆಸಿಬೆಲ್, ಎಡಗಿವಿಯದು ಅದಕ್ಕಿಂತ ತುಸು ಕಡಿಮೆ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಪಿಸುಮಾತು ಸುಮಾರು 30 ಡೆಸಿಬೆಲ್ಲಿನದು. ನನ್ನ ಪಾಲಿಗೆ ಲೋಕದಲ್ಲಿ ಪಿಸುಮಾತೆಂಬುದೇ ಇರಲಿಲ್ಲ.

ಇದನ್ನೆಲ್ಲ ನಾನು ಮುಚ್ಚಿಟ್ಟೆನೆಂದು ಹೇಳಿದೆನಷ್ಟೆ. ಒಬ್ಬಳೆದುರು ಮಾತ್ರ ಅದು ಸಾಗಲಿಲ್ಲ; ಅವಳು ನನ್ನ ಅವ್ವ. ನಮ್ಮ ಓಣಿಯಲ್ಲಿ ಅವಳಿಗೆ 'ಗಟ್ಟಿ ಬಾಯವ್ವ' ಎಂದೇ ಹೆಸರು. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ಹಾಸ್ಟೆಲಿಗೆ ಬಂದಳು. ಅಂಗಳದಲ್ಲಿ ನಿಂತು, "ಯಪ್ಪಾ, ಉಂಡೇನು?" ಎಂದಳು. ಮೇಲಿನ ಅಂತಸ್ತಿನ ಹುಡುಗರೆಲ್ಲ ಬಗ್ಗಿ ನೋಡಿ ನಕ್ಕರು. ನಗೆ ನನಗೆ ಕೇಳಿಸಲಿಲ್ಲ, ಕಾಣಿಸಿತು. "ಇಲ್ಲಿ ಹಂಗ ಒದರಬ್ಯಾಡವ್ವಾ. ಇನ್ನ ಮ್ಯಾಗ ಬುತ್ತಿ ಬಸ್ಸಿನ್ಯಾಗ ಕಳಸು" ಎಂದುಬಿಟ್ಟೆ. ಅಂದಿನಿಂದ ಬುತ್ತಿ ಬಸ್ಸಿನಲ್ಲಿ ಬಂತು. ಅವ್ವ ಬರಲಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಬಲಗಿವಿಯ ಶಸ್ತ್ರಚಿಕಿತ್ಸೆಯಾಯಿತು. ಹರಿದ ಕಿವಿಹಾಲೆಯನ್ನು ಜೋಡಿಸುವ 15 ವಿಧಗಳನ್ನು ನಮ್ಮ ಸುಶ್ರುತನ ಗ್ರಂಥ ಹೇಳುತ್ತದೆ. ಆದರೆ ಒಳಗಿನ ತಮಟೆಗೆ ಚರ್ಮದ ತೇಪೆ ಹಾಕಿದ್ದನ್ನು ಬರ್ಟೋಲ್ಡ್ ಎಂಬ ಜರ್ಮನ್ ವೈದ್ಯ ಲೋಕಕ್ಕೆ ತಿಳಿಸಿದ್ದು 1878ರಲ್ಲಿ. ಸೂಕ್ಷ್ಮದರ್ಶಕದ ನೆರವಿನಿಂದ ಈ ಕೆಲಸ ಒಂದು ಶಾಸ್ತ್ರವಾಗಿ ನಿಂತದ್ದು 1950ರ ದಶಕದಲ್ಲಿ, ವುಲ್‌ಸ್ಟೈನ್ ಮತ್ತು ಝೋಲ್ನರ್ ಎಂಬ ಇನ್ನಿಬ್ಬರು ಜರ್ಮನರಿಂದ. ನನ್ನ ಕಿವಿಯ ಮೇಲ್ಭಾಗದ ಸ್ನಾಯುವಿಗೆ ಹೊದಿಸಿದಂತಿರುವ ತೆಳುಪೊರೆಯ ಒಂದು ಚೂರನ್ನೇ ತೆಗೆದು, ತೂತಿಗೆ ಒಳಗಿನಿಂದ ಹೊಂದಿಸಿ, ತಾನಾಗಿ ಕರಗುವ ಸ್ಪಂಜಿನ ಆಸರೆ ಕೊಟ್ಟರು.

ಡಾಕ್ಟರರ ವಿವರಣೆಯನ್ನು ಕೇಳಿದ ಅವ್ವ, "ಕೌದಿಗೆ ತ್ಯಾಪಿ ಹಚ್ಚಿದಂಗ ಅನ್ರಿ" ಎಂದಳು. ಡಾಕ್ಟರರು ನಕ್ಕು, "ಹೌದವ್ವಾ, ಆದರೆ ಈ ತ್ಯಾಪಿಗೆ ದಾರ ಇಲ್ಲ. ಅಲುಗಾಡದೆ ಇದ್ದರೆ ತಾನೇ ಹತ್ತಿಕೊಳ್ಳುತ್ತದೆ" ಎಂದರು. ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಭಾರ ಎತ್ತಬಾರದು, ಕಿವಿಗೆ ಹನಿ ನೀರೂ ತಾಗಬಾರದು.

ತಲೆಗೆ ದೊಡ್ಡ ಪಟ್ಟಿ ಸುತ್ತಿಕೊಂಡು ಊರಿಗೆ ಬಂದಾಗ, ರುಮಾಲು ಸುತ್ತಿದ ಗೌಡರು ಬಂದರೆಂದು ಗೆಳೆಯರು ಹಾಸ್ಯ ಮಾಡಿದರು. ಆದರೆ ನಮ್ಮ ಕಡೆ ಬೇಸಿಗೆಯೆಂದರೆ ವರ್ಷದ ಖಾರ ಕುಟ್ಟಿಡುವ ಕಾಲ. ಸೀನು ಬಾರದಿರುವುದು ಹೇಗೆ? ಅವ್ವ ಆ ವರ್ಷದ ಮೆಣಸಿನಕಾಯಿಯನ್ನು ತಂಗಿಯ ಮನೆಗೆ ಸಾಗಿಸಿದಳು. ಒಲೆಯನ್ನು ಹಿತ್ತಲಿಗೆ ಒಯ್ದು ಆರು ವಾರ ಬಿಸಿಲಲ್ಲೇ ಒಗ್ಗರಣೆ ಹಾಕಿದಳು. ನಾನೋ ಕಿವಿಗೆ ಹತ್ತಿ ಇಟ್ಟುಕೊಂಡು ನೆರಳಿನಲ್ಲಿ ಮಲಗಿರುತ್ತಿದ್ದೆ. ರೊಟ್ಟಿ ಅಗಿದರೆ ತಲೆಯೊಳಗೆ ಬೀಸುಕಲ್ಲು ತಿರುಗಿದಂತಾಗುತ್ತಿತ್ತು. ನನ್ನ ಮಾತು ನನಗೇ ಗಡಿಗೆಯೊಳಗಿನಿಂದ ಬಂದಂತಿತ್ತು. ಹೊರಗಿನ ಸದ್ದು ಮೊದಲಿಗಿಂತಲೂ ಮಂದ. ತೇಪೆ ಹತ್ತಿತೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಕಳೆದೆ.

ಎಂಟನೆಯ ವಾರದ ಒಂದು ನಸುಕಿನಲ್ಲಿ ಎಚ್ಚರವಾಯಿತು. ಯಾರೋ ಹೆಂಗಸು ದನದ ಕೊಟ್ಟಿಗೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. "ನಿಂದ್ರವ್ವಾ, ನಿಂದ್ರು... ಆತು, ಆತು." ಅಷ್ಟು ಮೃದುವಾದ ದನಿ ನಮ್ಮ ಮನೆಯಲ್ಲಿ ಯಾರದೂ ಇರಲಿಲ್ಲ. ನೆರೆಮನೆಯವರು ಬಂದಿರಬೇಕೆಂದು ಎದ್ದು ಹೋಗಿ ನೋಡಿದೆ. ಅವ್ವ ಒಬ್ಬಳೇ ಎಮ್ಮೆ ಹಿಂಡುತ್ತಿದ್ದಳು.

"ಅವ್ವಾ, ನಿನ್ನ ದನಿ ಇಷ್ಟು ಮೆತ್ತಗ ಅದ ಏನು?" ಎಂದೆ.

ಅವಳು ತಿರುಗಿ ನೋಡದೆ, "ಎಮ್ಮಿಗೆ ಕಿವಿ ಕೇಳಸ್ತಾವಲ್ಲೋ ಯಪ್ಪಾ" ಎಂದಳು. ಮರುಕ್ಷಣವೇ ನನ್ನತ್ತ ಮುಖ ಮಾಡಿ ಓಣಿಗೆಲ್ಲ ಕೇಳುವಂತೆ, "ಚಾ ಕುಡೀತಿ ಏನು?" ಎಂದು ಕೂಗಿದಳು.

ನಾನು ಉತ್ತರ ಕೊಡಲಾರದೆ ನಿಂತೆ. ಹಾಸ್ಟೆಲಿನ ಅಂಗಳದಲ್ಲಿ ನಾನು ನಾಚಿಕೊಂಡ ಆ ದನಿ ಅವಳದಾಗಿರಲಿಲ್ಲ. ನನ್ನ ಕಿವಿಯ ಸಲುವಾಗಿ ಅವಳು ಹನ್ನೆರಡು ವರ್ಷ ಎತ್ತಿ ಹಿಡಿದ ದನಿಯದು. ಇನ್ನು ಮೆಲ್ಲಗೆ ಮಾತಾಡೆಂದು ಕೆಲವು ದಿನಗಳ ನಂತರ ಹೇಳಿದೆ. "ಈಗ ನಿನ್ನ ಕೂಡ ಸಣ್ಣ ಮಾತು ಬರಂಗಿಲ್ಲೋ, ರೂಢಿ ತಪ್ಪ್ಯಾದ" ಎಂದು ನಕ್ಕಳು.

ಮೂರು ತಿಂಗಳ ಪರೀಕ್ಷೆಯಲ್ಲಿ ತೇಪೆ ಹತ್ತಿದೆಯೆಂದು ಗೊತ್ತಾಯಿತು. 45 ಇದ್ದ ನಷ್ಟ 25 ಡೆಸಿಬೆಲ್ಲಿಗೆ ಇಳಿದಿದೆ. ಎಡಗಿವಿಯದು ಪದವಿ ಪರೀಕ್ಷೆ ಮುಗಿದ ಮೇಲೆ. ಅದುವರೆಗೆ 'ಹೂಂ' ಎನ್ನುವುದನ್ನು ಬಿಟ್ಟು, "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿರಿ" ಎನ್ನಲು ಕಲಿಯುತ್ತಿದ್ದೇನೆ. ತಮಟೆಯ ಶಸ್ತ್ರಚಿಕಿತ್ಸೆಗಿಂತ ಇದೇ ಕಷ್ಟ. ಕಿವಿ ಸೋರುವ ಮಿತ್ರರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನಂತೆ ವರ್ಷಗಟ್ಟಲೆ ಮುಚ್ಚಿಡಬೇಡಿರಿ. ಡಾಕ್ಟರರಲ್ಲಿಗೆ ಹೋಗಿರಿ.

ಈ ಸಲದ ವಾರ್ಷಿಕೋತ್ಸವಕ್ಕೆ ಅವ್ವನನ್ನು ಕರೆದಿದ್ದೇನೆ. ಮೊದಲು ಒಲ್ಲೆನೆಂದಳು, ಈಗ ಬರುವೆನೆಂದಿದ್ದಾಳೆ. ಅವಳು ನನ್ನನ್ನು ಕೂಗಿದರೆ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟೀತು. ಆಗ, ಸಹಪಾಠಿಗಳೇ, ದಯವಿಟ್ಟು ನಗಬೇಡಿರಿ. ನಕ್ಕರೆ ಈಗ ನನಗೆ ಕೇಳಿಸುತ್ತದೆ.