ಅತ್ತೆಯ ಹೊಸ ಹಾಡು

ಅತ್ತೆಗೆ ಈಗ ಎಪ್ಪತ್ತೊಂದು. ಭಾವಗೀತೆ ಹಾಡೋಕೆ ಶುರು ಮಾಡಿ ನಲವತ್ತೈದು ವರ್ಷವಾಯ್ತು. ಮೊನ್ನೆ ಮೊನ್ನೆ ಟಿವಿ ಚಾನೆಲ್ಲೊಂದರಿಂದ ಫೋನ್ ಬಂತು. ಅರ್ಧ ಗಂಟೆ ಕಾರ್ಯಕ್ರಮ, ನಾಲ್ಕು ಹಾಡು. "ಜನಕ್ಕೆ ಗೊತ್ತಿರೋದೇ ಇರಲಿ ಮೇಡಂ" ಅಂದರಂತೆ. ಅತ್ತೆ ಮೂರಕ್ಕೆ ಹೂಂ ಅಂದು, ನಾಲ್ಕನೆಯದು ಹೊಸದು ಅಂತ ಹೇಳಿ ಫೋನ್ ಇಟ್ಟೇಬಿಟ್ಟರು!

ಯಾಕತ್ತೆ ಈ ವಯಸ್ಸಲ್ಲಿ ತಾಪತ್ರಯ, ಅಂದೆ.

"ಅನಂತಸ್ವಾಮಿಯವರದ್ದು ಹಾಡಿದೆ, ಅಶ್ವತ್ಥ್ ಅವರದ್ದು ಹಾಡಿದೆ. ನಂದು ಅಂತ ಒಂದಾದರೂ ಬೇಡ್ವೇನೋ?"

ಅವರು ಹೇಳಿದ್ದು ಸುಳ್ಳಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಕವಿತೆಗಳು ಮನೆಮನೆಗೆ ಹೋದವು. ಆದರೆ ಒಂದು ಕವಿತೆಗೆ ಒಂದು ಧಾಟಿ ಅಂಟಿಕೊಂಡರೆ ಮುಗೀತು. ಬೇರೆ ಥರ ಹಾಡಿದರೆ ಸಭೆ ಮುಖ ಗಂಟು ಹಾಕಿಕೊಳ್ಳುತ್ತೆ. (ನಾನೂ ಅದೇ ಪೈಕಿ.) ಹಾಗಾಗಿ ಯಾರೂ ಹಾಡಿದ್ದು ನಾವು ಕೇಳಿರದ ಬೇಂದ್ರೆಯವರದೊಂದು ಕವಿತೆ ಹುಡುಕಿ, ಜೋಗ್ ರಾಗದಲ್ಲಿ ಅತ್ತೆಯೇ ಧಾಟಿ ಹಾಕಿದರು. ಏರುವಾಗ ಶುದ್ಧ ಗಾಂಧಾರ, ಇಳಿಯುವಾಗ ಕೋಮಲ. ಆ ಇಳಿತದಲ್ಲೇ ಅವರಿಗೆ ಆಸೆ ಜಾಸ್ತಿ.

ಹಾರ್ಮೋನಿಯಂ ನಂದು. ಅತ್ತೆಯ ಶ್ರುತಿ ಯಾವಾಗಲೂ ಕಪ್ಪು ನಾಲ್ಕು. ಮೊದಲ ದಿನವೇ ತಾರಷಡ್ಜಕ್ಕೆ ಹೋಗುವಾಗ ದನಿ ಒಡೀತು. ಎರಡನೇ ದಿನ ನಾನು ಮೆಲ್ಲಗೆ ಬಿಳಿ ಐದಕ್ಕೆ ಇಳಿಸಿದೆ. ಮೂರನೇ ದಿನ ಬಿಳಿ ನಾಲ್ಕು. ಗೊತ್ತಾಗಲಿಲ್ಲ ಅಂದುಕೊಂಡಿದ್ದೆ... ಕಾಫಿ ಕೊಡುವಾಗ "ಕಳ್ಳ, ಮೂರು ಮೆಟ್ಟಿಲು ಇಳಿಸಿದ್ದೀಯ" ಅಂದರು. ಮತ್ತೆ ಏರಿಸು ಅನ್ನಲಿಲ್ಲ. ಅದೇ ನನಗೆ ಬೇಜಾರಾಗಿದ್ದು.

ಇನ್ನೊಂದು ಕಷ್ಟ, ಮೂರನೇ ಚರಣ ಮರೆತುಹೋಗೋದು. ಹಳೇ ಇನ್ನೂರು ಹಾಡು ನಿದ್ದೆಯಲ್ಲೂ ಬರುತ್ತೆ, ಹೊಸ ಎಂಟು ಸಾಲು ನಿಲ್ಲೋದಿಲ್ಲ. ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯಲ್ಲಿ ನೇತುಹಾಕಿದರು. ಒಗ್ಗರಣೆ ಸಿಡಿದು ಒಂದು ಸಾಲು ಹೋಯ್ತು. ವಿಚಿತ್ರ ಅಂದರೆ, ಆ ಸಾಲೊಂದು ಮಾತ್ರ ಆಮೇಲೆ ಮರೆಯಲೇ ಇಲ್ಲ.

ಟಿವಿಯವರ ಪದ್ಧತಿ ನಿಮಗೆ ಗೊತ್ತಲ್ಲ? ಮೊದಲು ಹಾಡು ರೆಕಾರ್ಡ್ ಮಾಡ್ತಾರೆ, ಆಮೇಲೆ ಕ್ಯಾಮೆರಾ ಮುಂದೆ ಅದಕ್ಕೆ ತುಟಿ ಆಡಿಸಬೇಕು. ಒಂದು ಸಾಲನ್ನ ಎರಡು ಸಲ ಒಂದೇ ಥರ ಹಾಡಿ ಅತ್ತೆಗೆ ಅಭ್ಯಾಸವೇ ಇಲ್ಲ. ರೆಕಾರ್ಡಿಂಗ್ ಆದ ಮೇಲೆ ಒಂದು ವಾರ, ತಾನು ಹಾಡಿದ್ದನ್ನೇ ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದರು. ಪಾಪ, ಪರೀಕ್ಷೆಗೆ ಓದೋ ಹುಡುಗಿ ಥರ.

ಶೂಟಿಂಗ್ ದಿನ ಮೂರನೇ ಚರಣಕ್ಕೆ ಬಂದಾಗ ತುಟಿ ಆಡಿಸೋದು ಬಿಟ್ಟು ಗಟ್ಟಿಯಾಗಿ ಹಾಡೇಬಿಟ್ಟರು. ರೆಕಾರ್ಡಿನಲ್ಲಿ ಇಲ್ಲದ ಸಂಗತಿ, ಕೋಮಲ ಗಾಂಧಾರದ ಮೇಲೆ ನಿಂತು ನಿಧಾನ ಇಳಿದದ್ದು. ನನ್ನ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತುಹೋಯ್ತು. ನಿರ್ದೇಶಕರು ಕಟ್ ಅಂದರು. "ಈಗ ಹಾಡಿದ್ದನ್ನೇ ಇಟ್ಕೊಳ್ಳಿ" ಅಂತ ಅತ್ತೆ ಕೇಳಿದರು. ಮೈಕು ಬರೀ ತೋರಿಕೆಗೆ ಇಟ್ಟಿದ್ದು, ಆನ್ ಆಗಿರಲಿಲ್ಲ.

ಕಾರ್ಯಕ್ರಮ ಭಾನುವಾರ ಬಂತು. ಆ ಜಾಗದಲ್ಲಿ ಕೊಳಲಿನವರ ಬೆರಳು ತೋರಿಸಿದ್ದಾರೆ. ಅತ್ತೆ ಏನೂ ಹೇಳದೆ ಪೂರ್ತಿ ನೋಡಿದರು. ಮಾರನೇ ದಿನ ಬೆಳಗ್ಗೆ ಆರೂವರೆಗೆ ಫೋನು.

"ಅವತ್ತು ಸ್ಟುಡಿಯೋದಲ್ಲಿ ಹಾಡಿದ್ನಲ್ಲ, ಅದಕ್ಕೆ ಸ್ವರ ಬರೆದಿಟ್ಯೇನೋ? ನಂಗೆ ಆಗಲೇ ಅರ್ಧ ಮರೆತಿದೆ."